ಪಿಟೀಲಿನ ಗೋಡೆ

ವಕೀಲಮ್ಮನ ಕಚೇರಿಯ ಬಾಗಿಲಾಚೆ ಒಂದು ಬೆಂಚು ಇತ್ತು. ಬೈಯುವವರಿಗೆಂದೇ ಇಟ್ಟ ಬೆಂಚು ಅದು. ಸಂಸಾರ ಮುರಿದುಕೊಂಡು ಬಂದವರು ಒಳಗೆ ಕುಳಿತು ಗಂಡನನ್ನೋ ಹೆಂಡತಿಯನ್ನೋ ಬೈಯಲು ಶುರು ಮಾಡಿದರೆ ಆಕೆ ಪೆನ್ನು ಕೆಳಗಿಟ್ಟು, “ಹೊರಗೆ ಬೆಂಚಿದೆ. ಅಲ್ಲಿ ಮುಗಿಸಿಕೊಂಡು ಬನ್ನಿ, ನಾನು ಕಾಯ್ತೀನಿ” ಎನ್ನುತ್ತಿದ್ದಳು. ಕೆಲವರು ನಾಚಿಕೊಂಡು ನಕ್ಕು ಸುಮ್ಮನಾಗುತ್ತಿದ್ದರು. ಕೆಲವರು ನಿಜವಾಗಿಯೂ ಎದ್ದು ಹೋಗಿ, ಆ ಬೆಂಚಿನ ಮೇಲೆ ಕುಳಿತು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡು, ಮುಖ ಒರೆಸಿಕೊಂಡು ಮರಳುತ್ತಿದ್ದರು. ಕೆಳಗಿನ ಜೆರಾಕ್ಸ್ ಅಂಗಡಿಯ ಯಂತ್ರ ಗುರುಗುಟ್ಟುತ್ತಿದ್ದುದರಿಂದ ಅವರ ಬೈಗುಳ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕೇಳುವವನು ಮೇಲಿನವನೊಬ್ಬನೇ. ಅವನಿಗೆ ಅದೆಲ್ಲ ಹಳೆಯದು.

ಮಗಳ ಜೊತೆ ಮೊದಲ ಸಲ ಅಲ್ಲಿಗೆ ಹೋದ ಮೇಸ್ತ್ರಿಯ ಕಣ್ಣಿಗೆ ಬಿದ್ದದ್ದು ಬೆಂಚಲ್ಲ, ಅದರ ಹಿಂದಿನ ಗೋಡೆ. ತೇವ ಏರಿ ಬಣ್ಣ ಹುರುಪೆ ಹುರುಪೆಯಾಗಿ ಎದ್ದಿತ್ತು. ಪ್ರಾಯ ಬಂದಾಗಿನಿಂದ ಕಂಡವರ ಮನೆಗಳಿಗೆ ಬಣ್ಣ ಹೊಡೆದು ಕೂದಲು ಬೆಳ್ಳಗೆ ಮಾಡಿಕೊಂಡವನು. ಯಾರ ಮನೆಗೆ ಹೋದರೂ ಮುಖಕ್ಕಿಂತ ಮೊದಲು ಗೋಡೆ ನೋಡುವುದು ಅವನ ಚಾಳಿ. ಬಂದ ಕೆಲಸ ಹೇಳುವುದನ್ನು ಬಿಟ್ಟು, ಅದನ್ನು ತಾನೇ ಕೆರೆದು ಸರಿಮಾಡಿಕೊಡುತ್ತೇನೆ ಎಂದ.

“ಇರಲಿ ಬಿಡಿ ಮೇಸ್ತ್ರಿ,” ಎಂದಳು ವಕೀಲಮ್ಮ. “ಈ ಗೋಡೆ ನೋಡಿದವರು, ಪಾಪ ಈಕೆಗೇ ಗತಿಯಿಲ್ಲ, ನಮ್ಮನ್ನೇನು ಸುಲಿದಾಳು ಅಂತ ಧೈರ್ಯವಾಗಿ ಒಳಗೆ ಬರ್ತಾರೆ.”

ಮೇಸ್ತ್ರಿ ನಕ್ಕ. ಹೆಂಡತಿ ತೀರಿಕೊಂಡ ಮೇಲೆ ಅವನು ನಕ್ಕದ್ದು ಕಡಿಮೆ.

ಅವನ ಮಗಳು ಆಸ್ಪತ್ರೆಯಲ್ಲಿ ನರ್ಸು. ಗಂಡನ ಮನೆಯಲ್ಲಿ ಹೊಡೆತ ಬಡಿತ ಏನೂ ಇರಲಿಲ್ಲ. ಅವನು ಸಿಟ್ಟಾದರೆ ಮಾತು ಬಿಡುತ್ತಿದ್ದ, ಅಷ್ಟೇ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ. ಎದುರಿಗಿರುವ ಹೆಂಡತಿಗೆ ಉಪ್ಪು ಕೊಡು ಎನ್ನಲೂ ಮಗುವಿನ ಮೂಲಕ ಹೇಳಿ ಕಳಿಸುವನು. ನಾಲ್ಕು ವರ್ಷದ ಕೂಸು ಅಪ್ಪ ಅಮ್ಮನ ನಡುವೆ ಟಪಾಲು ಹೊತ್ತು ಹೊತ್ತು ಕೊನೆಗೆ ತಾನೂ ಮಾತು ನಿಲ್ಲಿಸಿದಾಗ, ಅವಳು ಅದನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಬಂದುಬಿಟ್ಟಳು. ಅದಾಗಿ ಎರಡು ವರ್ಷ. ಈಗ ಅವನು ವಿಚ್ಛೇದನಕ್ಕೆ ಒಪ್ಪಿದ್ದ. ಆದರೆ ಮಗು ತನಗೆ ಬೇಕು ಎಂದು ಕೋರ್ಟಿನಲ್ಲಿ ಅರ್ಜಿ ಹಾಕಿದ್ದ.

ವಕೀಲಮ್ಮ ಯಾರು ಮೊದಲು ಜಗಳ ತೆಗೆದರು, ಯಾರ ತಪ್ಪು ಎಷ್ಟು ಎಂದು ಕೇಳಲೇ ಇಲ್ಲ. ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ಯಾರು, ತಲೆ ಬಾಚುವವರು ಯಾರು, ಯಾವ ಹಲ್ಲು ಅಲ್ಲಾಡುತ್ತಿದೆ, ಶಾಲೆಯಿಂದ ಫೋನು ಬಂದರೆ ಓಡುವವರು ಯಾರು ಎಂದು ಕೇಳಿದಳು. ಮಗಳು ಪಾಳಿಯ ಕೆಲಸದವಳು. ಕೆಲವಕ್ಕೆ ಅವಳು ಉತ್ತರ ಹೇಳಿದಳು, ಉಳಿದದ್ದನ್ನು ಮೇಸ್ತ್ರಿ ಹೇಳಿದ.

“ಯಾವುದಕ್ಕೆ ಹೆದರ್ತಾಳೆ?”

“ಗುಡುಗು ಸಿಡಿಲಿಗೆ ಹೆದರೋಲ್ಲ ತಾಯಿ. ಮಿಕ್ಸಿ ಹಾಕಿದ್ರೆ ಮಂಚದ ಕೆಳಗೆ ಹೋಗ್ತಾಳೆ.”

ವಕೀಲಮ್ಮ ಅದನ್ನೂ ಬರೆದುಕೊಂಡಳು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದಳು. ವಿಚ್ಛೇದನ ದೊಡ್ಡವರಿಬ್ಬರ ನಡುವಿನ ಮಾತು, ಒಪ್ಪಿಗೆ ಇದ್ದರೆ ಅದಕ್ಕೆ ಹಾದಿ ಸಲೀಸು. ಮಗುವಿನದೇ ಬೇರೆ. ಅಲ್ಲಿ ನ್ಯಾಯಾಧೀಶರು ಅಪ್ಪ ಒಳ್ಳೆಯವನೋ ಅಮ್ಮ ಒಳ್ಳೆಯವಳೋ ಎಂದು ತೂಗುವುದಿಲ್ಲ. ಮಗು ಎಲ್ಲಿ ಬೇರು ಬಿಟ್ಟಿದೆ, ಎಲ್ಲಿಂದ ಕಿತ್ತರೆ ಬಾಡುತ್ತದೆ ಎಂದು ನೋಡುತ್ತಾರೆ. ಅಳಿಯ ತನ್ನ ಅರ್ಜಿಯಲ್ಲಿ, ಮಗು ಮೊನ್ನೆ ಮೊನ್ನೆಯವರೆಗೆ ತನ್ನ ಮನೆಯಲ್ಲೇ ಇತ್ತು, ತಾತನ ಮನೆಗೆ ರಜೆಗೆ ಮಾತ್ರ ಹೋಗುತ್ತಿತ್ತು, ಹಟಕ್ಕಾಗಿ ಈಗ ಎತ್ತಿಕೊಂಡು ಹೋಗಿದ್ದಾಳೆ ಎಂದು ಬರೆಸಿದ್ದ. ಶಾಲೆಯಲ್ಲಿ ಇದ್ದದ್ದೂ ಅವನದೇ ವಿಳಾಸ. ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಕ್ಕಪಕ್ಕದವರು ಸಾಕ್ಷಿ ಹೇಳಬಹುದು, ಆದರೆ ಅವರು ನಿಮ್ಮ ಕಡೆಯವರೇ ಎಂದು ಆಚೆಯ ವಕೀಲ ತಳ್ಳಿಹಾಕುತ್ತಾನೆ. ಆದ್ದರಿಂದ ಕೋರ್ಟು ಒಬ್ಬ ಅಧಿಕಾರಿಯನ್ನು ಕಳಿಸುತ್ತದೆ. ಆತ ಎರಡೂ ಮನೆ ನೋಡಿ, ಮಗುವಿನ ಜೊತೆ ಮಾತಾಡಿ ವರದಿ ಕೊಡುತ್ತಾನೆ. ಎಲ್ಲ ನಿಂತಿರುವುದು ಅದರ ಮೇಲೆ.

“ಮಗು ನಿಮ್ಮ ಮನೆಯಲ್ಲೇ ಬೆಳೀತು ಅನ್ನೋದಕ್ಕೆ ಮನೆಯಲ್ಲಿ ಏನಾದರೂ ಗುರುತಿದೆಯಾ ಮೇಸ್ತ್ರಿ?”

ಮಗಳು ಆಗ ಆಸ್ಪತ್ರೆಯ ಫೋನು ಬಂದು ಹೊರಗೆ ಹೋಗಿದ್ದಳು. ಮೇಸ್ತ್ರಿಗೆ ತಟ್ಟನೆ ನೆನಪಾದದ್ದು ಮಂಚದ ಪಕ್ಕದ ಗೋಡೆ. ನೆನಪಾದೊಡನೆ ನಾಚಿಕೆಯಾಯಿತು. ಬಣ್ಣದವನ ಮನೆಯಲ್ಲಿ ಅಂಥ ಗೋಡೆ ಇದೆ ಎಂದು ಓದಿದ ಹೆಂಗಸಿನ ಮುಂದೆ ಹೇಗೆ ಹೇಳುವುದು? “ಬಟ್ಟೆ ಇದೆ, ಪುಸ್ತಕ ಇದೆ ತಾಯಿ,” ಎಂದು ತೇಲಿಸಿಬಿಟ್ಟ.

“ಸರಿ. ಒಂದೇ ಮಾತು ನೆನಪಿಡಿ. ಮನೆ ಹೇಗಿದೆಯೋ ಹಾಗೇ ಇರಲಿ. ಅವರು ಬರ್ತಾರೆ ಅಂತ ಏನೂ ಮಾಡಬೇಡಿ.”

ಮೇಸ್ತ್ರಿ ತಲೆಯಾಡಿಸಿದ. ದೊಡ್ಡವರು ಮನೆಗೆ ಬರುವ ಮುನ್ನ ಎಲ್ಲರೂ ಆಡುವ ಉಪಚಾರದ ಮಾತು, ಏನೂ ತೊಂದರೆ ತಗೋಬೇಡಿ ಎಂದ ಹಾಗೆ, ಎಂದು ಅವನು ತಿಳಿದ.

ಆ ಗೋಡೆಯ ಕಥೆ ಹೀಗೆ. ಕೂಸು ಮನೆಗೆ ಬಂದ ಹೊಸದರಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಬರಿಯ ಅಳು. ಪಿಟೀಲು ಕುಯ್ದ ಹಾಗೆ ಸಣ್ಣಗೆ, ಎಳೆ ಎಳೆಯಾಗಿ ಅಳುತ್ತಿದ್ದುದರಿಂದ ಅಜ್ಜಿ ಅದಕ್ಕೆ ಪಿಟೀಲು ಎಂದು ಹೆಸರಿಟ್ಟಳು. ಒಂದು ದಿನ ಅಜ್ಜಿ ಗಂಡನಿಗೆ ಹೇಳಿದಳು: “ಡಬ್ಬದ ತಳದಲ್ಲಿ ಉಳಿಯೋ ಬಣ್ಣ ಎಸೀಬೇಡಿ, ತನ್ನಿ. ಈ ಗೋಡೆ ಇವಳಿಗೆ ಬರೆದುಕೊಟ್ಟುಬಿಡೋಣ.” ಮೇಸ್ತ್ರಿ ಗೊಣಗಿದ. ಆದರೂ ತಂದ. ಡಾಕ್ಟರ ಮನೆಯ ತಿಳಿ ಹಸಿರು, ಶಾಲೆಯ ಗೇಟಿನ ನೀಲಿ, ಗ್ಯಾರೇಜಿನ ಷಟರಿನ ಕೆಂಪು. ಯಾರ್ಯಾರದೋ ಮನೆಯ ತಳದ ಬಣ್ಣವೆಲ್ಲ ಆ ಗೋಡೆಗೆ ಬಂತು. ಅಲ್ಲಿ ಹಡಗು ಹುಟ್ಟಿತು, ಕತ್ತಿಲ್ಲದ ಕುದುರೆ ಹುಟ್ಟಿತು, ತನಗಿಂತ ದೊಡ್ಡ ಸೂಜಿ ಹಿಡಿದ ಅಮ್ಮ ನಿಂತಳು, ಏಣಿಯ ಮೇಲೆ ಒಂದು ಕಾಲು ಉದ್ದ ಒಂದು ಕಾಲು ಗಿಡ್ಡವಾದ ತಾತ ಹತ್ತಿದ. ಬಣ್ಣ ಹಚ್ಚುತ್ತ ಹಚ್ಚುತ್ತ ಪಿಟೀಲಿಗೆ ಮಾತು ಮರಳಿತು. ಆಮೇಲೆ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಕಾಯಿಲೆ ಕಾಣಿಸಿಕೊಳ್ಳುವ ಮುಂಚೆ ಒಂದು ಮಧ್ಯಾಹ್ನ ಅಜ್ಜಿಯೂ ಅಂಗೈಯನ್ನು ಹಳದಿಯಲ್ಲಿ ಅದ್ದಿ ಹಡಗಿನ ಪಕ್ಕ ಒತ್ತಿದಳು. ಅದರ ಒಳಗೆ ಪಿಟೀಲು ತನ್ನ ಪುಟ್ಟ ಕೆಂಪು ಕೈ ಒತ್ತಿತು. ಅಜ್ಜಿ ಹೋದ ಮೇಲೆ ಮೇಸ್ತ್ರಿ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಏಳುವಾಗ ಆ ಹಳದಿ ಕೈಯನ್ನು ಒಮ್ಮೆ ಮುಟ್ಟುತ್ತಿದ್ದ. ಮುಟ್ಟಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಅಧಿಕಾರಿ ಬರುವ ದಿನ ಗೊತ್ತಾದದ್ದು ಕೋರ್ಟಿನ ಹಜಾರದಲ್ಲಿ. ಬೀಗಿತ್ತಿ ಅಲ್ಲೇ ತನ್ನ ತಂಗಿಯ ಜೊತೆ ನಿಂತಿದ್ದಳು. ಮೇಸ್ತ್ರಿ ಹತ್ತಿರ ಬಂದಾಗ ದನಿ ಏರಿಸಿದಳು.

“ಊರವರ ಗೋಡೆಗೆಲ್ಲ ಇವನೇ ಬಣ್ಣ ಹೊಡೆಯೋದಂತೆ ಕಣೇ. ಇವನ ಮನೆ ಗೋಡೆ ನೋಡಬೇಕು ನೀನು. ದನ ಕಟ್ಟೋ ಜಾಗ ಎಷ್ಟೋ ವಾಸಿ. ನೋಡೋಕೆ ಬರ್ತಾರಲ್ಲ, ಬರಲಿ.”

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ವಕೀಲಮ್ಮ ಅವನ ತೋಳು ಹಿಡಿದು ಮೆಟ್ಟಿಲ ಕಡೆ ಕರೆದುಕೊಂಡು ಹೋದಳು. “ಅದು ಗಾಳ ಮೇಸ್ತ್ರಿ. ಬಾಯಿ ಹಾಕಬೇಡಿ,” ಎಂದಳು. ಇವನು ಜಗಳಕ್ಕೆ ಹೋಗಬಾರದು ಎಂಬುದಷ್ಟೇ ಆಕೆಯ ಮನಸ್ಸಿನಲ್ಲಿ ಇದ್ದದ್ದು. ಮೇಸ್ತ್ರಿ ಜಗಳಕ್ಕೆ ಹೋಗಲಿಲ್ಲ. ಗಾಳವನ್ನು ನುಂಗಿಕೊಂಡೇ ಮನೆಗೆ ಬಂದ.

ಆ ವಾರದ ಕೊನೆಗೆ ಪಿಟೀಲು ಕೋರ್ಟಿನ ಅಪ್ಪಣೆಯಂತೆ ಅಪ್ಪನ ಮನೆಯಲ್ಲಿತ್ತು. ಮಗಳಿಗೆ ಮೇಲಿಂದ ಮೇಲೆ ಪಾಳಿ. ಮೇಸ್ತ್ರಿ ಮಂಚ ಎಳೆದು ನಡುಮನೆಗೆ ಹಾಕಿದ, ನೆಲಕ್ಕೆ ಹಳೆಯ ಸೀರೆ ಹಾಸಿದ, ಕೈಮುಗಿದು ಕೆಲಸಕ್ಕೆ ಇಳಿದ. ಊರವರಿಗೆ ಅವಸರದಲ್ಲಿ ಒಂದೇ ಕೋಟು ಹೊಡೆದು ಎದ್ದುಬಂದ ದಿನಗಳೂ ಉಂಟು. ಇಲ್ಲಿ ಹಾಗೆ ಮಾಡಲಿಲ್ಲ. ಎಮರಿ ಕಾಗದದಲ್ಲಿ ಉಜ್ಜಿದ, ತಗ್ಗು ಬಿರುಕು ಮೆತ್ತಿದ, ಒಣಗಿದ ಮೇಲೆ ಮತ್ತೆ ಉಜ್ಜಿದ, ಪ್ರೈಮರ್ ಕೊಟ್ಟ. ಕುದುರೆ ಹೋಯಿತು. ಹಡಗು ಹೋಯಿತು. ಏಣಿಯ ಮೇಲಿನ ತಾತನನ್ನು ಅಳಿಸುವಾಗ ಒಬ್ಬನೇ ನಕ್ಕ. ಹಳದಿ ಕೈಯ ಸುತ್ತ ಮಾತ್ರ ಬ್ರಷ್ಷು ಸುತ್ತಿ ಸುತ್ತಿ ಹೋಗುತ್ತಿತ್ತು. ಇಡೀ ಗೋಡೆ ಬೆಳ್ಳಗಾಗಿ ಅದೊಂದೇ ಉಳಿದಾಗ ಅವನು ಸ್ಟೂಲಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದ. ಅದೊಂದು ಇದ್ದರೆ ಗೋಡೆ ಇನ್ನೂ ಕೊಳಕಾಗಿ ಕಾಣುತ್ತಿತ್ತು. ದೇವರೇ, ಕೂಸು ಈ ಮನೆಯಲ್ಲಿ ಉಳಿಯುವುದಾದರೆ ಇದನ್ನೂ ತಗೋ, ನನ್ನ ಹತ್ತಿರ ಬೇರೇನಿದೆ ಕೊಡೋದಕ್ಕೆ, ಎಂದುಕೊಂಡು ಎದ್ದ. ಅದನ್ನೂ ಮೆಲ್ಲಗೆ ಉಜ್ಜಿ ಪ್ರೈಮರ್ ಕೊಟ್ಟು, ಕೊನೆಗೆ ಕಣ್ಣು ಮುಚ್ಚಿ ರೋಲರ್ ಎಳೆದ.

ಮಗಳು ಪಾಳಿ ಮುಗಿಸಿ ಬಂದವಳು ಹೊಸ್ತಿಲಲ್ಲೇ ನಿಂತಳು.

“ಅಮ್ಮನ ಕೈ?”

“ಇದೆ ಕಣಮ್ಮ, ಒಳಗಡೆ ಇದೆ,” ಎಂದ ಮೇಸ್ತ್ರಿ, ಮಗುವಿಗೆ ಹೇಳುವಂತೆ.

ಅವಳು ನಿಂತಲ್ಲೇ ನಿದ್ದೆ ಹತ್ತುವಷ್ಟು ದಣಿದಿದ್ದಳು. ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು, ಕನ್ನಡಿಯ ಹಾಗೆ. ಅದನ್ನು ಅಲ್ಲಗಳೆಯುವಂತಿರಲಿಲ್ಲ.

ಸಂಜೆ ಪಿಟೀಲು ಮರಳಿ ಬಂತು. ಚೀಲ ಎಸೆದು ಓಡಿಬಂದು ಗೋಡೆಯ ಮುಂದೆ ನಿಂತು ತಾತನ ಮುಖ ನೋಡಿತು.

“ನಂದೆಲ್ಲ ಎಲ್ಲಿ?”

“ಒಳಗಡೆ ಇದೆ ಕಂದ. ನಾಳೆ ನಮ್ಮ ಮನೆ ನೋಡೋಕೆ ಬರ್ತಾರೆ. ಗೋಡೆ ಚೊಕ್ಕಟವಾಗಿ ಇರಬೇಕು. ಮುಟ್ಟಬೇಡ, ಹಸಿ ಇದೆ.”

ಬಣ್ಣದ ವಾಸನೆಗೆ ಕೂಸು ಕೆಮ್ಮಬಾರದೆಂದು ಆ ದಿನ ಅದನ್ನು ಪಕ್ಕದ ಮನೆಯಲ್ಲಿ ಮಲಗಿಸಿದರು.

ಅಧಿಕಾರಿ ಸಣಕಲು ಮನುಷ್ಯ, ಮೃದು ಮಾತು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಮೂಗರಳಿಸಿದರು. “ಹೊಸ ಬಣ್ಣವಾ?” ಎಂದರು.

“ಹೌದು ಸಾರ್,” ಎಂದ ಮೇಸ್ತ್ರಿ, ಎದೆಯುಬ್ಬಿಸಿ. “ನಿಮಗೆ ಅಂತಲೇ.”

ಅಧಿಕಾರಿ ಏನೋ ಬರೆದುಕೊಂಡರು. ಅಡುಗೆಮನೆ ನೋಡಿದರು, ಬಟ್ಟೆಯ ಗೂಡು ನೋಡಿದರು. ಮಗಳು ರಾತ್ರಿಯೇ ಎಲ್ಲವನ್ನೂ ಇಸ್ತ್ರಿ ಮಾಡಿ ಜೋಡಿಸಿದ್ದಳು. ಅಂಗಡಿಯಿಂದ ಈಗ ತಂದಿಟ್ಟ ಹಾಗಿತ್ತು. ಆಮೇಲೆ ಅವರು ಪಿಟೀಲಿನ ಎದುರು ನೆಲದ ಮೇಲೆ ಕುಳಿತು, ನಿನ್ನೆ ಎಲ್ಲಿ ಮಲಗಿದ್ದೆ ಪುಟ್ಟ ಎಂದು ಕೇಳಿದರು.

“ಪಕ್ಕದ ಮನೆ ಆಂಟಿ ಹತ್ರ.”

“ಈ ಮನೇಲಿ ನಿಂದು ಅಂತ ಏನೇನಿದೆ?”

ಪಿಟೀಲು ಬೆಳ್ಳನೆ ಗೋಡೆಯ ಕಡೆ ಬೆರಳು ಮಾಡಿತು. “ಅಲ್ಲಿ ನನ್ನ ಹಡಗು ಇದೆ. ಕುದುರೆ ಇದೆ. ಅಮ್ಮ ಇದಾಳೆ. ತಾತ ಏಣಿ ಮೇಲಿದಾನೆ. ಅಜ್ಜಿ ಕೈ ಇದೆ, ಅದ್ರೊಳಗೆ ನನ್ನ ಕೈ ಇದೆ.”

ಅಧಿಕಾರಿ ತಲೆಯೆತ್ತಿ ಗೋಡೆ ನೋಡಿದರು. ಒಂದು ಗೆರೆ ಇರಲಿಲ್ಲ.

ಮೇಸ್ತ್ರಿ ಮುಂದೆ ಬಂದು ಗೋಡೆಗೆ ಕೈ ಹಚ್ಚಿದ. “ಇತ್ತು ಸಾರ್, ನಿಜವಾಗ್ಲೂ ಇತ್ತು. ನಾನೇ ಅಳಿಸಿದೆ,” ಎಂದ. ಯಾಕೆ ಎಂದು ಅವರು ಕೇಳಿದರು. “ನೀವು ಬರ್ತೀರಿ ಅಂತ,” ಎಂದ. ಹೇಳುತ್ತಿದ್ದಂತೆ ಆ ಮಾತು ತನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಅಧಿಕಾರಿ ಮೆಲ್ಲಗೆ ತಲೆಯಾಡಿಸಿದರು. ಅವರು ಇಂಥ ಎಷ್ಟೋ ಮನೆ ನೋಡಿದವರು.

ವರದಿ ಬಂದ ದಿನ ವಕೀಲಮ್ಮ ಅದನ್ನು ಓದಿ ಹೇಳಿದಳು. ಭೇಟಿಗೆಂದೇ ಮನೆಯನ್ನು ಸಜ್ಜುಮಾಡಲಾಗಿತ್ತು. ಮಗು ಅಲ್ಲಿ ಬಹುಕಾಲ ನೆಲೆಸಿದ್ದಕ್ಕೆ ತಕ್ಕ ಗುರುತು ಕಾಣಲಿಲ್ಲ. ಇಲ್ಲದ ಚಿತ್ರಗಳನ್ನು ಮಗು ಇವೆ ಎಂದು ಹೇಳಿತು, ಯಾರಾದರೂ ಹೇಳಿಕೊಟ್ಟಿರಬಹುದು. ಅಪ್ಪನ ಮನೆಯಲ್ಲಿ ಆಟದ ಸಾಮಾನು ಎಲ್ಲೆಂದರಲ್ಲಿ ಹರಡಿ ಬಿದ್ದಿತ್ತು. ಸೋಫಾದ ಮೇಲೆ ಕ್ರೇಯಾನಿನ ಗೀಚು ಇತ್ತು. ಆಚೆಯ ವಕೀಲನೂ ತನ್ನವರಿಗೆ ಏನೂ ಮಾಡಬೇಡಿ ಎಂದೇ ಹೇಳಿದ್ದ. ಅವರು ಹೇಳಿದಂತೆ ಕೇಳಿದ್ದರು.

“ಯಾವ ಚಿತ್ರಗಳು ಮೇಸ್ತ್ರಿ?” ಎಂದಳು ವಕೀಲಮ್ಮ.

ಅವನು ಹೇಳಿದ. ಡಬ್ಬದ ತಳದ ಬಣ್ಣದಿಂದ ಹಿಡಿದು ಹಳದಿ ಕೈಯವರೆಗೆ, ಒಂದೂ ಬಿಡದೆ. ಅಂದು ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಆಕೆ ಕೇಳಿದಳು. ನಾಚಿಕೆಯಾಯ್ತು ತಾಯಿ ಎಂದ.

ವಕೀಲಮ್ಮ ಪೆನ್ನು ಕೆಳಗಿಟ್ಟಳು. ಎದ್ದು, ಬಾಗಿಲು ತೆರೆದು, ಹೊರಗೆ ಹೋಗಿ ಆ ಬೆಂಚಿನ ಮೇಲೆ ಕುಳಿತಳು. ಕೆಳಗೆ ಜೆರಾಕ್ಸ್ ಯಂತ್ರ ಗುರುಗುಟ್ಟುತ್ತಿತ್ತು. ಆಕೆ ಯಾರನ್ನು ಬೈದಳೋ, ಅವನನ್ನೋ, ತಾನೊಮ್ಮೆ ಆ ಮನೆಗೆ ಹೋಗಿ ಕಣ್ಣಾರೆ ನೋಡಿಬರಲಿಲ್ಲವೆಂದು ತನ್ನನ್ನೇ ಬೈದುಕೊಂಡಳೋ, ಒಳಗೆ ಕುಳಿತ ಅಪ್ಪ ಮಗಳಿಗೆ ಕೇಳಿಸಲಿಲ್ಲ. ಮರಳಿ ಬಂದಾಗ ಆಕೆಯ ಮುಖದಲ್ಲಿ ಏನೂ ಇರಲಿಲ್ಲ. ಫೋನಿನಲ್ಲಿ ಆ ಗೋಡೆ ಕಾಣುವ ಫೋಟೋ ಇವೆಯೇ ಹುಡುಕು ಎಂದು ಮಗಳಿಗೆ ಹೇಳಿದಳು. ಮಗುವಿನ ಮುಖ ತುಂಬಿದ ಫೋಟೋಗಳು ಬೇಕಾದಷ್ಟಿದ್ದವು. ಹಿಂದೆ ಎಲ್ಲೋ ಒಂದು ಮೂಲೆಯಲ್ಲಿ ನೀಲಿ, ಒಂದು ಚೂರು ಹಳದಿ. ಅದು ಯಾವ ಗೋಡೆಯಾದರೂ ಆಗಬಹುದು ಎಂದು ಆಚೆಯ ವಕೀಲ ಕೋರ್ಟಿನಲ್ಲಿ ನಕ್ಕ. ಇನ್ನೊಮ್ಮೆ ಅಧಿಕಾರಿಯನ್ನು ಕಳಿಸಿ ಎಂದು ವಕೀಲಮ್ಮ ಕೇಳಿಕೊಂಡಳು. ಈಗ ಹೋಗಿ ನೋಡುವುದಕ್ಕೆ ಅಲ್ಲಿ ಏನಿದೆ ಎಂದು ನ್ಯಾಯಾಧೀಶರು ಕೇಳಿದರು.

ವಿಚ್ಛೇದನ ಸಿಕ್ಕಿತು. ಯಾರ ಮೇಲೂ ಕೆಸರು ಎರಚದೆ, ವಕೀಲಮ್ಮ ಮೊದಲ ದಿನ ಹೇಳಿದಂತೆ ಸಲೀಸಾಗಿಯೇ. ಮಗು ಶಾಲೆಯ ದಿನಗಳಲ್ಲಿ ಅಪ್ಪನ ಹತ್ತಿರ, ವಾರದ ಕೊನೆಗೆ ಮತ್ತು ಅರ್ಧ ರಜೆಗೆ ಅಮ್ಮನ ಹತ್ತಿರ ಎಂದಾಯಿತು. ಶಾಲೆ, ಆಸ್ಪತ್ರೆಯ ವಿಷಯದಲ್ಲಿ ಅಮ್ಮನನ್ನು ಕೇಳದೆ ಏನೂ ಮಾಡುವಂತಿಲ್ಲ ಎಂಬುದನ್ನು ವಕೀಲಮ್ಮ ಹೋರಾಡಿ ಆದೇಶದಲ್ಲಿ ಸೇರಿಸಿದಳು. ಮೇಲಿನ ಕೋರ್ಟಿಗೆ ಹೋಗಬಹುದು, ಮಗುವಿನ ವಿಷಯದ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಕಾಲ ಬದಲಾದರೆ ಮತ್ತೆ ಕೇಳಬಹುದು ಎಂದು ಧೈರ್ಯ ಹೇಳಿದಳು. ಹೊರಡುವಾಗ ಮೇಸ್ತ್ರಿ ಬೆಂಚಿನ ಹಿಂದಿನ ಗೋಡೆಯನ್ನು ಈ ಸಲ ನೋಡಲಿಲ್ಲ.

ಮಗಳು ಅವನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತು. ಬಟ್ಟೆ ಮಡಿಸುತ್ತ ಒಮ್ಮೆ, “ಅಮ್ಮ ಇದ್ದಿದ್ರೆ ಬ್ರಷ್ಷು ಕಸಿದುಕೊಳ್ತಿದ್ದಳು ಅಪ್ಪ,” ಎಂದಳು. ಅಷ್ಟೇ. ಮೇಸ್ತ್ರಿ ಹೌದು ಎಂದ.

ಅವಳು ಕೆಲಸಕ್ಕೆ ಹೋದ ಮೇಲೆ ಅವನು ಬಣ್ಣ ಕೆರೆಯುವ ಅಲಗು ತೆಗೆದುಕೊಂಡು ಗೋಡೆಯ ಮುಂದೆ ಕುಳಿತ. ಹಡಗಿನ ಜಾಗ, ಅದರ ಪಕ್ಕ, ಇಷ್ಟು ಎತ್ತರ. ಕೈಗೆ ಜಾಗ ಗೊತ್ತಿತ್ತು. ಉಸಿರು ಬಿಗಿಹಿಡಿದು ತುದಿಯಿಂದ ಎಬ್ಬಿಸಿದ. ಪದರ ಎದ್ದಿತು, ಬಿಳಿಯ ಜೊತೆ ಹಳದಿಯೂ ಎದ್ದು, ಬೆರಳ ನಡುವೆ ಪುಡಿಯಾಗಿ ಉದುರಿತು. ಕೆಟ್ಟ ಕೆಲಸವಾಗಿದ್ದರೆ ಮೇಲಿನದಷ್ಟೇ ಸುಲಿದು ಬರುತ್ತಿತ್ತು. ಅವನು ಉಜ್ಜಿ, ಮೆತ್ತಿ, ಪ್ರೈಮರ್ ಕೊಟ್ಟು ಹೊಡೆದ ಬಣ್ಣ. ಹಳೆಯದನ್ನು ಬಿಡದೆ ಹಿಡಿದುಕೊಂಡಿತ್ತು. ಅಂಗೈ ಅಗಲದ ಬರಿಯ ಗಾರೆ ಕಂಡಿತು. ಅವನು ಅಲಗು ಕೆಳಗಿಟ್ಟು ಆ ಪುಡಿಯನ್ನು ನೆಲದಿಂದ ಬಳಿದು ಕರವಸ್ತ್ರದಲ್ಲಿ ಗಂಟು ಕಟ್ಟಿದ. ಆಮೇಲೆ ಗೋಡೆಯ ಆ ಗಾಯಕ್ಕೆ ಮೆತ್ತಿ ಮತ್ತೆ ಬಿಳಿ ಹಚ್ಚಿದ. ಆದೇಶದ ನಂತರ ಮೊದಲ ಸಲ ಬರುವ ಕೂಸಿಗೆ ಅದು ಕಾಣುವುದು ಬೇಡ.

ಶನಿವಾರ ಪಿಟೀಲು ಬಂತು. ಹೊಸ ಷೂ, ಹೊಸ ಚೀಲ. ಷೂ ಬಿಚ್ಚಿ ಗೋಡೆಗೆ ಒತ್ತಿ ಜೋಡಿಸಿಟ್ಟಿತು. ಹಿಂದೆಂದೂ ಹಾಗೆ ಇಟ್ಟಿರಲಿಲ್ಲ. ಕರೆದರೆ ಮಾತ್ರ ಬಂತು, ಕೇಳಿದ್ದಕ್ಕೆ ಮಾತ್ರ ಉತ್ತರ. ಅಪ್ಪ ಇಂಥದು ಹೇಳು ಎಂದಿದ್ದಾರೆ ಎಂದು ಅಮ್ಮನಿಗೆ ಮೂರು ಮಾತಿನ ಟಪಾಲು ಒಪ್ಪಿಸಿ ಸುಮ್ಮನಾಯಿತು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಮೇಸ್ತ್ರಿ ಹಿಂದಿನ ದಿನವೇ ಎಲ್ಲ ಸಿದ್ಧ ಮಾಡಿಟ್ಟಿದ್ದ. ಪರಿಚಯದ ಬಣ್ಣದವರ ಹತ್ತಿರ ಹೋಗಿ ತಳದ ಬಣ್ಣ ಬೇಡಿ ತಂದಿದ್ದ: ನೀಲಿ, ಕೆಂಪು, ತಿಳಿ ಹಸಿರು, ಒಂದಿಷ್ಟು ಹಳದಿ. ಬಟ್ಟಲುಗಳನ್ನು ಗೋಡೆಯ ಕೆಳಗೆ ಸಾಲಾಗಿ ಇಟ್ಟು, ಮೊಣಕಾಲೂರಿ ಕುಳಿತು, ಹಳದಿಯ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದ.

“ಬಾ ಕಂದ. ಇಡೀ ಗೋಡೆ ನಿಂದೇ. ಮೊದಲಿಗಿಂತ ದೊಡ್ಡ ಹಡಗು ಮಾಡೋಣ. ಅಜ್ಜಿ ಕೈ ನಾನು ಮಾಡ್ತೀನಿ.”

ಪಿಟೀಲು ಹತ್ತಿರ ಬಂತು. ಬಣ್ಣಗಳನ್ನು ನೋಡಿತು, ಗೋಡೆಯನ್ನು ನೋಡಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

“ಬೇಡ ತಾತ,” ಎಂದಿತು. “ಯಾರಾದ್ರೂ ನೋಡೋಕೆ ಬಂದ್ರೆ?”

ಇನ್ನು ಯಾರೂ ಬರೋದಿಲ್ಲ ಎಂದು ಹೇಳಲು ಮೇಸ್ತ್ರಿ ಬಾಯಿ ತೆರೆದ. ಬಟ್ಟಲನ್ನು ಹಾಗೆಯೇ ಹಿಡಿದು ಕುಳಿತ. ಅವನ ಕೈಯಲ್ಲೇ ಹಳದಿ ಬಣ್ಣದ ಮೇಲೆ ಮೆಲ್ಲಗೆ ಕೆನೆ ಕಟ್ಟಿತು.